ಸೀಮೆ ದಾಟಿದ ಹೆಜ್ಜೆ

ಆ ವೆಬ್‌ಸೈಟನ್ನು ಲೋಕದಲ್ಲಿ ನೋಡಿದವರು ಇಬ್ಬರೇ. ಅದನ್ನು ಕಟ್ಟಿದ ಕ್ರಾಂತಿ ಒಬ್ಬ, ಅದನ್ನು ಕೆಡವಿದವನು ಇನ್ನೊಬ್ಬ.

ಹಡಗಲಿಯಿಂದ ಹಿರೇಹಡಗಲಿಗೆ ಹೋಗುವ ರಸ್ತೆಯಲ್ಲಿ ಸರ್ಕಾರದ್ದೊಂದು ಬೀಜ ಕೇಂದ್ರವಿತ್ತು. ಸಜ್ಜೆ, ನವಣೆ, ಶೇಂಗಾ ಬೀಜದ ಚೀಲಗಳ ನಡುವೆ ಒಂದು ಗಾಜಿನ ಕೋಣೆ, ಕೋಣೆಯೊಳಗೆ ಒಂದು ಕಂಪ್ಯೂಟರು, ಕಂಪ್ಯೂಟರಿನ ಹಣೆಗೆ ಕುಂಕುಮ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅನ್ನುವ ಬೋರ್ಡು. ಆ ಕೋಣೆಯ ಒಡೆಯ ಕ್ರಾಂತಿ, ಗುತ್ತಿಗೆ ಮೇಲೆ ಸೇರಿದ್ದ ಆಪರೇಟರ್. ಹಿರೇಹಡಗಲಿ ಕೇರಿಯ ಸುಂಕಪ್ಪನ ಮಗ. ಕೂಡ್ಲಿಗಿಯಲ್ಲಿ ಮೇಷ್ಟ್ರಾಗಿದ್ದ ಸೋದರಮಾವ ಗುರುಮೂರ್ತಿ ಪ್ರೀತಿಯಿಂದ ಇಟ್ಟ ಹೆಸರು ಅದು. ಆ ಕೇರಿಯಲ್ಲಿ ತಿಂಗಳ ಸಂಬಳದ ಮುಖ ನೋಡಿದ ಮೊದಲ ಕೆಲವರಲ್ಲಿ ಅವನೂ ಒಬ್ಬ.

ಅವನ ಕೆಲಸ ಇಷ್ಟೇ. ದಿನಾ ಬೆಳಗ್ಗೆ ಯಾವ ಬೀಜ ಎಷ್ಟು ಉಳಿದಿದೆ, ನಿನ್ನೆ ಮಳೆ ಎಷ್ಟು ಬಿತ್ತು ಅಂತ ವೆಬ್‌ಸೈಟಿನ ಪುಟದಲ್ಲಿ ಟೈಪ್ ಮಾಡಿ, ಟೆಲಿಫೋನ್ ತಂತಿಯ ಮೇಲೆ ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಏರಿಸುವುದು. ಆ ದೊಡ್ಡ ಕಂಪ್ಯೂಟರು ಒಂದು ವಠಾರ ಇದ್ದ ಹಾಗೆ. ಸರ್ಕಾರದ ಎಷ್ಟೋ ಇಲಾಖೆಗಳ ಪುಟಗಳು ಅಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಸಂಸಾರ ಮಾಡುತ್ತಿದ್ದವು. ವಠಾರದೊಳಗೆ ಹೋಗಲು ಒಂದು ಹೆಸರು ಬೇಕು, ಒಂದು ಪಾಸ್‌ವರ್ಡ್ ಬೇಕು. ಹೆಸರು ‘ಕ್ರಾಂತಿ’. ಪಾಸ್‌ವರ್ಡೂ ‘ಕ್ರಾಂತಿ’. ಬೇಡ ಅಂದಿದ್ದ ಅವನು. ಕೇಂದ್ರದ ಮ್ಯಾನೇಜರ್ ಶಿವಶಂಕರ ಸಾಹೇಬರು ಕೇಳಬೇಕಲ್ಲ.

‘ನೀನು ರಜಾ ಹಾಕಿದ ದಿನ ನಾನು ಯಾರನ್ನ ಕೇಳ್ಲಲೇ? ಮರೀಬಾರ್ದು ನೋಡು, ಅಂಥದ್ದು ಇಡು’ ಅಂದಿದ್ದರು.

ಎರಡು ದೇಶಗಳ ಸೈನ್ಯ ಗಡಿಯಲ್ಲಿ ಎದುರುಬದುರು ನಿಂತಿದ್ದ ವರ್ಷ ಅದು, ಎರಡು ಸಾವಿರದ ಎರಡು. ಇವತ್ತು ಯುದ್ಧ, ನಾಳೆ ಯುದ್ಧ ಅಂತ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಜನ ಮಾತಾಡುವರು. ಯುದ್ಧ ಎಂದರೆ ಮರಳುಗಾಡು, ಟ್ಯಾಂಕು, ವಿಮಾನ. ಅದು ಹಿರೇಹಡಗಲಿ ರಸ್ತೆಗೂ ಬಂದೀತು ಅಂತ ಯಾರಿಗೆ ಗೊತ್ತು?

‘ಲೇ ಕ್ರಾಂತಿ, ಬಾರಲೇ ಇಲ್ಲಿ! ಏನಲೇ ಇದು, ಸಜ್ಜೆ ಬೀಜ ಇರೋ ಜಾಗದಾಗೆ ತಲೆಬುರುಡೆ ಐತೆ!’

ಸಾಹೇಬರು ಚಪ್ಪಲಿ ಬಿಡುವುದನ್ನೂ ಮರೆತು ಗಾಜಿನ ಕೋಣೆಯಲ್ಲಿ ನಿಂತಿದ್ದರು. ಕ್ರಾಂತಿ ಓಡಿಬಂದು ನೋಡಿದ. ಪರದೆ ಪೂರಾ ಕಪ್ಪು. ಮಧ್ಯದಲ್ಲಿ ಬುರುಡೆ. ಅದರ ಕೆಳಗೆ ಹಸಿರು ಇಂಗ್ಲಿಷ್ ಅಕ್ಷರ: ನಿಮ್ಮ ಗೋಡೆ ಮಣ್ಣಿನದು, ನಡೆದುಕೊಂಡೇ ಒಳಗೆ ಬಂದೆವು, ಮತ್ತೆ ಬರುತ್ತೇವೆ.

ನಿಜ ಹೇಳಬೇಕೆಂದರೆ ಕ್ರಾಂತಿಗೆ ಮೊದಲು ಆದದ್ದು ಭಯವಲ್ಲ, ಬೆರಗು. ತಾನು ಕಟ್ಟಿದ ಪುಟಕ್ಕೆ, ಊರಿನ ರೈತನೊಬ್ಬನೂ ಬಂದು ನೋಡದ ಪುಟಕ್ಕೆ, ಎಲ್ಲಿಂದಲೋ ಯಾರೋ ಬಂದಿದ್ದಾರೆ! ಆ ಬೆರಗು ಫೋನ್ ರಿಂಗಾಗುವವರೆಗೂ ಇತ್ತು.

ಬೆಂಗಳೂರಿನ ಫೋನು. ಸಾಹೇಬರು ಎದ್ದು ನಿಂತೇ ಮಾತಾಡಿದರು. ‘ಆತು ಸಾರ್... ಈಗ್ಲೇ ಅಳಿಸಿಬಿಡ್ತೀವಿ ಸಾರ್... ಯಾರಿಗೂ ಹೇಳಲ್ಲ ಸಾರ್... ಇಲ್ಲ ಸಾರ್, ಏನೂ ಆಗಿಲ್ಲ ಸಾರ್.’

ಕ್ರಾಂತಿ ಅಳಿಸಿದ. ಆದರೆ ಅಳಿಸುವ ಮುಂಚೆ ಒಂದು ಕೆಲಸ ಮಾಡಿದ. ಯಾರು ಯಾವ ಹೊತ್ತಿಗೆ ಎಲ್ಲಿಂದ ಒಳಗೆ ಬಂದರು ಅಂತ ಆ ದೊಡ್ಡ ಕಂಪ್ಯೂಟರು ತಾನೇ ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಅನ್ನುತ್ತಾರೆ. ಆ ಲಾಗನ್ನು ಒಂದು ಫ್ಲಾಪಿಗೆ ಇಳಿಸಿಕೊಂಡು ಜೇಬಿಗೆ ಹಾಕಿದ. ಯಾಕೆ ಅಂತ ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡನೇ ಫೋನು ಬಂತು. ಈ ಸಲ ಸಾಹೇಬರು ಕೂತರು. ಕೂತವರು ಬೆವರು ಒರೆಸಿಕೊಂಡು ಕ್ರಾಂತಿಯ ಮುಖ ನೋಡದೆ ಹೇಳಿದರು:

‘ನಮ್ಮ ಪುಟದಿಂದ ಪಕ್ಕದ ಇಲಾಖೆ ಪುಟಗಳಿಗೂ ನುಗ್ಗಿದಾರಂತೆ. ದೊಡ್ಡ ದೊಡ್ಡ ಇಲಾಖೆ. ಒಳಗೆ ಬಂದಿದ್ದು ನಿನ್ನ ಹೆಸರಿನಾಗೆ, ನಿನ್ನ ಪಾಸ್‌ವರ್ಡಿನಾಗೆ. ಹೊರಗಿನವರು ಬಂದ್ರು ಅಂತ ತೋರ್ಸು, ಬರೆದು ಕೊಡು. ತೋರ್ಸಿಲ್ಲ ಅಂದ್ರೆ ನೀನೇ ಮಾಡಿದ್ದು ಅಂತಾತು. ಪೊಲೀಸ್ರ ಕೈಗೆ ಕೊಡ್ತಾರಂತೆ.’

‘ಸಾರ್, ಪಾಸ್‌ವರ್ಡ್ ನೀವು ಹೇಳಿದ್ದಲ್ಲೇನ್ರಿ?’

‘ನಾನು ಹೇಳಿದ್ನಾ? ಯಾವಾಗ್ಲೇ?’ ಅಂದು ಸಾಹೇಬರು ಕಿಟಕಿಯಾಚೆ ಬೇವಿನ ಮರ ನೋಡತೊಡಗಿದರು.

ಮನೆಗೆ ಬಂದಾಗ ಅಪ್ಪ ಸುಂಕಪ್ಪ ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಒಳಗೆ ಅವ್ವ ಗಿಡ್ಡಮ್ಮ ರೊಟ್ಟಿ ಬಡಿಯುವ ಸದ್ದು. ಮಗನ ನಡಿಗೆ ನೋಡಿಯೇ ಸುಂಕಪ್ಪ ಹಗ್ಗ ಕೆಳಗಿಟ್ಟ. ನಡಿಗೆ ಓದುವುದು ಅವನ ಮನೆತನದ ವಿದ್ಯೆ. ಅವನಪ್ಪ, ಅವನಜ್ಜ ಎಲ್ಲರೂ ಊರು ಕಾಯುವ, ಕಳ್ಳರ ಹೆಜ್ಜೆ ಹಿಡಿಯುವ ತಳವಾರಿಕೆ ಮಾಡಿದವರು. ಸರ್ಕಾರ ಆ ಹಕ್ಕುಗಳನ್ನೆಲ್ಲ ತೆಗೆದುಹಾಕಿ ಎಷ್ಟೋ ಕಾಲವಾಗಿದ್ದರೂ, ಕುರಿ ಕಳುವಾದರೆ ಜನ ಈಗಲೂ ಪೊಲೀಸರಿಗಿಂತ ಮೊದಲು ಸುಂಕಪ್ಪನ ಮನೆಗೇ ಬರುತ್ತಿದ್ದರು.

ಕ್ರಾಂತಿ ಎಲ್ಲ ಹೇಳಿದ. ವೆಬ್‌ಸೈಟು, ಬುರುಡೆ, ಪಾಸ್‌ವರ್ಡು. ಸುಂಕಪ್ಪನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧಕ್ಕೆ ಒಂದೇ ಪ್ರಶ್ನೆ ಕೇಳಿದ:

‘ಹೆಜ್ಜಿ ಅದಾವೇನಲೇ?’

‘ಅದಾವಪ್ಪ.’

‘ಪುಟ್ಟಿ ಮುಚ್ಚೀಯೇನು?’

ಕ್ರಾಂತಿ ಜೇಬಿನಿಂದ ಫ್ಲಾಪಿ ತೆಗೆದು ತೋರಿಸಿದ. ಸುಂಕಪ್ಪ ಅದನ್ನು ಎರಡೂ ಕಡೆ ತಿರುವಿ ನೋಡಿ, ಮೂಸಿ, ಮಗನ ಕೈಗೆ ವಾಪಸು ಕೊಟ್ಟ. ಆ ಮುಖದಲ್ಲಿ ಹೆಮ್ಮೆ ಇತ್ತು. ಕಳುವಾದ ಜಾಗಕ್ಕೆ ಹೋದ ತಳವಾರ ಮೊದಲು ಮಾಡುವ ಕೆಲಸ ಅದೇ: ಒಳ್ಳೆಯ ಹೆಜ್ಜೆಯೊಂದನ್ನು ಹುಡುಕಿ ಅದರ ಮೇಲೆ ಬಿದಿರಿನ ಪುಟ್ಟಿ ಬೋರಲು ಹಾಕುವುದು. ಗಾಳಿ ಬಂದರೂ ದನ ಬಂದರೂ ಅದು ಉಳಿಯಬೇಕು. ಆಮೇಲೆ ಜೋಳದ ದಂಟಿನಿಂದ ಹೆಜ್ಜೆ ಅಳೆದು, ದಂಟು ಹಿಡಿದು ಹೊರಡಬೇಕು. ಹೆಜ್ಜೆ ಊರ ಸೀಮೆಕಲ್ಲು ದಾಟಿತೋ, ಅಲ್ಲೇ ನಿಲ್ಲಬೇಕು. ಆಚೆ ಊರ ತಳವಾರನನ್ನು ಕೂಗಿ ಕರೆಯಬೇಕು. ‘ನಿಮ್ಮ ಸೀಮಿಗೆ ಬಂದೈತಿ, ಒಪ್ಪಿಸಿಕೊಳ್ರಿ’ ಅನ್ನಬೇಕು. ಅಲ್ಲಿಗೆ ಇವನ ಋಣ ಮುಗಿಯಿತು. ಅವನು ಹೆಜ್ಜೆಯನ್ನು ತನ್ನ ಸೀಮೆಯಿಂದಾಚೆ ಮುಂದಿನ ಊರಿಗೆ ಸಾಗಿಸಬೇಕು, ಇಲ್ಲ ಕಳುವಾದದ್ದನ್ನು ತುಂಬಿಕೊಡಬೇಕು.

‘ಸೀಮಿ ದಾಟಿಸಲಿಲ್ಲ ಅಂದ್ರ?’

‘ದಾಟಿಸಲಿಲ್ಲ ಅಂದ್ರ ತಳವಾರನೇ ಕಳ್ಳ. ಗಾಳಿ ಎದ್ದು ಹೆಜ್ಜಿ ಅಳಿಸಿದ್ದಕ್ಕ ನಿಮ್ಮಜ್ಜ ಗೌಡ್ರಿಗೆ ತನ್ನ ಎಮ್ಮಿ ಕೊಟ್ಟಾನ’ ಅಂದ ಸುಂಕಪ್ಪ. ‘ಈಗ ನೀನು ಅದೇ ಜಾಗದಾಗ ನಿಂತೀಯ. ಹೆಜ್ಜಿ ದಾಟಿಸು.’

ಗಿಡ್ಡಮ್ಮ ಒಳಗಿಂದಲೇ ಕೂಗಿದಳು: ‘ಮೊದ್ಲು ಉಂಡು ದಾಟಿಸ್ರಪ್ಪ, ರೊಟ್ಟಿ ಆರತಾವ.’

ಉಣ್ಣುತ್ತಾ ಸುಂಕಪ್ಪನಿಗೆ ಹಳೆಯದೆಲ್ಲ ನೆನಪಾಯಿತು. ‘ಒಂದೊಂದು ಊರಿಗೂ ಒಂದೊಂದು ಬುದ್ಧಿ ಇರತೈತಲೇ. ಹಳ್ಳದಾಚಿ ಊರವ್ರು ಹೆಜ್ಜಿ ನೋಡಾಕ ಮುಂಚೆನಾ ಬಡಿಗಿ ಹಿಡಕೊಂಡು ಬರ್ತಿದ್ರು. ಗುಡ್ಡದ ಬುಡಕ ಇರೋ ಊರವ್ರು, ಏನು ಮರ್ಯಾದಿ ಅಂತೀ! ಬರ್ರಿ, ಕುಂದ್ರಿ, ಉಣ್ರಿ ಅಂತಿದ್ರು. ನಾವು ಉಂಡು ಕೈ ತೊಳಕೊಳ್ಳೋದ್ರಾಗ ಹೆಜ್ಜಿ ಮ್ಯಾಲೆ ಕುರಿಹಿಂಡು ಹಾಯಿಸಿರ್ತಿದ್ರು.’

‘ನಮ್ಮೂರವ್ರು?’

ಸುಂಕಪ್ಪ ನಕ್ಕ. ‘ನಮ್ಮೂರವ್ರು ಕಳುವಾಗೈತಿ ಅಂತನಾ ಹೇಳ್ತಿರಲಿಲ್ಲ. ಗೌಡ್ರ ಮನಿಗೆ ಕನ್ನ ಬಿತ್ತು ಅಂದ್ರ ಗೌಡ್ರ ಮುಖ ಎಲ್ಲಿ ಇಟ್ಕೋಬೇಕು? ಅದಕ್ಕ ಏನೂ ಆಗಿಲ್ಲ ಅನ್ನೋದು. ಆಮ್ಯಾಲೆ ತಳವಾರನ್ನ ಹಿತ್ತಲಕ್ಕ ಕರೆದು ಬಡಿಯೋದು.’

ಮರುದಿನ ಕ್ರಾಂತಿ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದ. ಅಲ್ಲಿ ಹುಲುಗಪ್ಪನ ಸೈಬರ್ ಕೆಫೆ ಇತ್ತು. ಝೆರಾಕ್ಸು, ಎಸ್‌ಟಿಡಿ, ಲ್ಯಾಮಿನೇಶನ್, ಅದರ ಹಿಂದೆ ಪ್ಲೈವುಡ್ ಗೂಡುಗಳಲ್ಲಿ ಕಂಪ್ಯೂಟರು.

‘ಏನೋ ಕ್ರಾಂತಿ, ಸರ್ಕಾರದ ಇಂಟರ್‌ನೆಟ್ ಬಿಟ್ಟು ನಮ್ಮ ಗೂಡಿಗೆ ಬಂದೀಯ? ಚಾಟಿಂಗಾ? ಹುಡುಗಿ ಎಲ್ಲಿಯಾಕಿ?’ ಅಂದ ಹುಲುಗಪ್ಪ.

‘ಹುಡುಗಿ ಅಲ್ಲಪ್ಪ. ಕಳ್ಳ.’

‘ಕಳ್ಳರಾದ್ರೆ ಅಡ್ವಾನ್ಸ್ ಕೊಟ್ಟು ಕೂರ್ಬೇಕು.’

ಕ್ರಾಂತಿ ಫ್ಲಾಪಿ ಹಾಕಿದ. ಲಾಗಿನ ಸಾಲುಗಳಲ್ಲಿ ತನ್ನವೇ ನಂಬರು ನೂರಾರು ಇದ್ದವು. ದಿನಾ ಹೊಲಕ್ಕೆ ಹೋಗುವವನ ಹೆಜ್ಜೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವೆ ಒಂದು, ಒಂದೇ ಒಂದು, ಪರಕೀಯ ನಂಬರು. ಇಂಟರ್‌ನೆಟ್ಟಿನಲ್ಲಿ ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನ ಹಾಗೆ ಒಂದು ನಂಬರು ಇರುತ್ತದೆ. ಅದು ಯಾರದು ಅಂತ ಹುಡುಕಿಕೊಡುವ ಜಾಗಗಳೂ ಇರುತ್ತವೆ. ಕ್ರಾಂತಿ ಹುಡುಕಿದ. ಪುಟ ನಿಧಾನಕ್ಕೆ, ಮೇಲಿನಿಂದ ಕೆಳಕ್ಕೆ, ಪರದೆ ಎಳೆದಂತೆ ಬಂತು.

ಪಾಕಿಸ್ತಾನದ ಯಾವುದೋ ಊರಿನ ಒಂದು ಕಾಲೇಜು.

ಗೂಡಿನೊಳಗೇ ಎದ್ದು ನಿಂತು ತಲೆ ಪ್ಲೈವುಡ್ಡಿಗೆ ಬಡಿಸಿಕೊಂಡ. ‘ದಾಟೈತಿ! ಸೀಮಿ ದಾಟೈತಿ!’

ಆ ದಿನವೇ ಒಂದು ಚಾಟ್ ಕೋಣೆಯಲ್ಲಿ ಈ ವಿಷಯ ಬಾಯಿಬಿಟ್ಟ. ಅಲ್ಲಿದ್ದ ಹೆಸರಿಲ್ಲದ ಹುಡುಗರು ಮುಗಿಬಿದ್ದರು. ನಂಬರು ಕೊಡು, ನಾಳೆಯೊಳಗೆ ಆ ಕಾಲೇಜಿನ ಪುಟದಲ್ಲಿ ನಮ್ಮ ಬಾವುಟ ಹಾರಿಸುತ್ತೇವೆ ಅಂದರು. ಕ್ರಾಂತಿಯ ಬೆರಳು ತುರಿಸಿತು. ಮನೆಗೆ ಬಂದು ಅಪ್ಪನಿಗೆ ಹೇಳಿದ. ಸುಂಕಪ್ಪ ತಲೆ ಅಲ್ಲಾಡಿಸಿದ. ‘ಹೆಜ್ಜಿ ಹಿಡಿಯೋನು ಬಡಿಗಿ ಹಿಡಿಯಂಗಿಲ್ಲ. ಬಡಿಗಿ ಹಿಡಿದ್ಯೋ, ಹೆಜ್ಜಿ ಕೇಳೋರೇ ಇರಂಗಿಲ್ಲ.’

ಕ್ರಾಂತಿ ನಂಬರು ಕೊಡಲಿಲ್ಲ.

ವಿವರಣೆ ಬರೆದ. ಇಂಥ ನಂಬರು, ಇಂಥ ದೇಶ, ಇಂಥ ಹೊತ್ತು, ನಾನಲ್ಲ. ಶಿವಶಂಕರ ಸಾಹೇಬರು ಓದುತ್ತಾ ಓದುತ್ತಾ ಕುರ್ಚಿಯಲ್ಲಿ ಸಣ್ಣಗಾದರು.

‘ದೇಶದ ಹೆಸರು ತೆಗಿ.’

‘ಹೆಸರು ತೆಗೆದ್ರ ಹೊರಗಿನವರು ಅಂತ ಹೆಂಗ ತೋರಿಸ್ಲಿ ಸಾರ್?’

‘ಲೇ, ಗಡಿಯಾಗೆ ಸೈನ್ಯ ನಿಂತೈತೆ. ಅವರು ನಮ್ಮ ಸರ್ಕಾರದ ಮನೆಗೆ ನುಗ್ಗಿದ್ರು ಅಂತ ಬೀಜ ಕೇಂದ್ರದ ಲೆಟರ್‌ಹೆಡ್ಡಿನಾಗೆ ಬರೆದು ಕಳಿಸ್ಲಾ? ನುಗ್ಗಿದ್ರು ಅಂದಮೇಲೆ ನೀವೇನು ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ? ಯುದ್ಧ ನಾನು ಮಾಡ್ಲಾ, ನೀನು ಮಾಡ್ತೀಯಾ?’ ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಬೆಂಗಳೂರಿನೋರು ಹೇಳಿದಾರೆ, ಏನೂ ಆಗಿಲ್ಲ ಅಂತ.’

‘ಏನೂ ಆಗಿಲ್ಲ ಅಂದ್ರ ನನ್ನ ಮ್ಯಾಲೆ ಕೇಸ್ ಯಾತಕ್ರೀ?’

ಸಾಹೇಬರು ಹಾಳೆಯನ್ನು ವಾಪಸು ಕೈಗಿಟ್ಟರು. ಬೇರೆ ಬರೆದುಕೊಂಡು ಬಾ, ಸೋಮವಾರ ಕಳಿಸಬೇಕು ಅಂದರು.

ಹೆಜ್ಜೆ ಸೀಮೆ ದಾಟಿದೆ, ಆದರೆ ಊರ ಹಿರಿಯರು ಸೀಮೆಕಲ್ಲಿನ ತನಕ ಬರಲು ಒಪ್ಪುತ್ತಿಲ್ಲ. ಸುಂಕಪ್ಪ ಇದನ್ನು ಕೇಳಿ ತೀರಾ ಸಹಜವಾಗಿ ಹೇಳಿದ:

‘ಹಂಗಾದ್ರ ನೀನಾ ಹೋಗಿ ಒಪ್ಪಿಸಿ ಬಾ. ಆಚಿ ಊರಾಗೂ ತಳವಾರ ಅಂತ ಒಬ್ಬ ಇರ್ತಾನಲ್ಲ?’

ಕ್ರಾಂತಿ ನಕ್ಕುಬಿಟ್ಟ. ನಗು ಮುಗಿಯುವಷ್ಟರಲ್ಲಿ ಅವನಿಗೆ ಹೊಳೆಯಿತು: ಇದ್ದಾನೆ! ನಂಬರು ಯಾರದೆಂದು ಹುಡುಕಿದ ಪುಟದ ತಳದಲ್ಲೇ, ಆ ಕಾಲೇಜಿನ ಕಂಪ್ಯೂಟರು ಕಾಯುವವನ ಇಮೇಲ್ ವಿಳಾಸ ಇತ್ತು. ದೂರು ಇದ್ದರೆ ಇಲ್ಲಿಗೆ ಬರೆಯಿರಿ ಅಂತಲೇ ಹಾಕಿದ್ದರು. ಅವನು ಒಪ್ಪಿಸಿಕೊಂಡರೆ, ಹೌದು, ಹೆಜ್ಜೆ ನಮ್ಮ ಸೀಮೆಯಿಂದಲೇ ಬಂದದ್ದು ಅಂತ ಒಂದು ಸಾಲು ಬರೆದರೆ, ಇನ್ಯಾವ ಪುರಾವೆ ಬೇಕು? ಕ್ರಾಂತಿ ಕಳ್ಳನಲ್ಲ ಅಂತ ಕಳ್ಳನ ಊರಿನವನೇ ಹೇಳಿದ ಹಾಗಾಯಿತು.

ಹುಲುಗಪ್ಪನ ಗೂಡಿನಲ್ಲಿ ಕೂತು ಬರೆದ. ಡಿಗ್ರಿ ಕಾಲೇಜಿನಲ್ಲಿ ರಜಾ ಅರ್ಜಿ ಬರೆಯಲು ಕಲಿತ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಬರೆದ. ಮಾನ್ಯರೇ, ನಾನು ಬಳ್ಳಾರಿ ಜಿಲ್ಲೆಯ ಒಂದು ಬೀಜ ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮನೆಗೆ ನುಗ್ಗಿದವನ ಹೆಜ್ಜೆ ನಿಮ್ಮ ಸೀಮೆಗೆ ಬಂದಿದೆ. ನಿಮ್ಮವರೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಪದ್ಧತಿಯಂತೆ ಹೆಜ್ಜೆಯನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ದಯವಿಟ್ಟು ಒಪ್ಪಿಸಿಕೊಳ್ಳಿ. ಮುಂದಕ್ಕೆ ಹೋಗಿದ್ದರೆ ಎಲ್ಲಿಗೆ ಅಂತ ತಿಳಿಸಿ. ನನ್ನ ಕೆಲಸ, ಮಾನ ಎರಡೂ ಇದರ ಮೇಲೆ ನಿಂತಿವೆ.

ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು ಎಲ್ಲ ಹಾಕಿದ. ಸೀಮೆಕಲ್ಲಿನ ಹತ್ತಿರ ನಿಂತವನು ಯಾರ ಮಗ ಅಂತ ಹೇಳಲೇಬೇಕಲ್ಲ.

ಕಳಿಸಿದ ಮೇಲೆ ಎದೆ ಹಗುರಾಯಿತು. ಮಂಡಕ್ಕಿ ಕಟ್ಟಿಸಿಕೊಂಡು ಬಸ್ಸು ಹತ್ತಿದ.

ಉತ್ತರಕ್ಕಿಂತ ಮುಂಚೆ ಜೀಪು ಬಂತು.

ಹರಪನಹಳ್ಳಿಯ ಐಬಿಯಲ್ಲಿ, ಸರ್ಕಾರದ ಆ ಹಳೆಯ ಬಂಗಲೆಯಲ್ಲಿ, ಅವನನ್ನು ಕೂರಿಸಿದರು. ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಬೆಂಗಳೂರಿನಿಂದಲೋ ಅದಕ್ಕೂ ಮೇಲಿನಿಂದಲೋ ಬಂದಿದ್ದ ಅಧಿಕಾರಿ ಕನ್ನಡಕದ ಒಬ್ಬ ಸೌಮ್ಯ ಮನುಷ್ಯ. ಹೆಸರು ಹೇಳಲಿಲ್ಲ. ಹೊರಗೆ ಹುಣಸೆ ಮರದ ಕೆಳಗೆ ರೊಟ್ಟಿಗಂಟು ಹಿಡಿದು ಕೂತಿದ್ದ ಸುಂಕಪ್ಪ ಕಿಟಕಿಯಿಂದ ಕಾಣುತ್ತಿದ್ದ.

‘ಟೀ ಕುಡಿ. ಅಲ್ಲಪ್ಪ, ಯಾರು ಹೇಳಿದ್ರು ನಿನಗೆ ಅವರಿಗೆ ಬರೆಯೋಕೆ?’

‘ಯಾರೂ ಹೇಳಿಲ್ಲ ಸಾರ್. ಪದ್ಧತಿ ಐತ್ರಿ ನಮ್ಮ ಕಡಿ.’

ಕ್ರಾಂತಿ ಎಲ್ಲ ಹೇಳಿದ. ಪುಟ್ಟಿ, ದಂಟು, ಸೀಮೆಕಲ್ಲು. ಬಡಿಗೆ ಹಿಡಿದು ಬರುವ ಊರು, ರೊಟ್ಟಿ ಉಣಿಸಿ ಹೆಜ್ಜೆ ಅಳಿಸುವ ಊರು. ಅಧಿಕಾರಿ ಮೊದಲು ಸುಮ್ಮನೆ ಕೇಳುತ್ತಿದ್ದವರು ಆಮೇಲೆ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿ ಕೇಳತೊಡಗಿದರು. ಅವರ ಮುಖದಲ್ಲಿ ನಿಜವಾದ ಖುಷಿ ಇತ್ತು. ಕ್ರಾಂತಿಗೆ ಆಸೆ ಹುಟ್ಟಿತು.

‘ನಿಮ್ಮಪ್ಪ ಸರಿಯಾಗಿ ಹೇಳಿದ್ದಾರೆ’ ಅಂದರು. ‘ದೇಶಗಳೂ ಹಾಗೇ. ಆಯುಧ ಹೊಸದು ಬರುತ್ತೆ, ಸ್ವಭಾವ ಹಳೇದೇ ಇರುತ್ತೆ. ನೂರು ವರ್ಷ ಹೇಗೆ ಜಗಳ ಆಡಿದ್ದಾರೋ ಕಂಪ್ಯೂಟರಲ್ಲೂ ಹಾಗೇ ಆಡ್ತಾರೆ. ಆ ಕಡೆಯವರು ನಮ್ಮ ಕೈ ಅಲ್ಲ, ಯಾರೋ ಹುಡುಗರು ಅಂತಾರೆ. ಯಾವತ್ತೂ ಹಾಗೇ ಅಂದಿದ್ದಾರೆ. ನಾವು?’

‘ಏನೂ ಆಗಿಲ್ಲ ಅಂತೀವ್ರಿ’ ಅಂದ ಕ್ರಾಂತಿ.

ಅಧಿಕಾರಿ ನಕ್ಕರು. ‘ತಾಳ್ಮೆ ಅಂತ ಕರೀತೀವಿ ಅದನ್ನ. ಪೆಟ್ಟು ಬಿತ್ತು ಅಂತ ಒಪ್ಪಿಕೊಂಡರೆ ತಿರುಗಿ ಹೊಡೀಬೇಕಾಗುತ್ತೆ. ಹೊಡೆಯೋದು ಬೇಡ ಅಂದರೆ ಬಿದ್ದೇ ಇಲ್ಲ ಅನ್ನಬೇಕು. ಅದರಿಂದಲೇ ಎಷ್ಟೋ ಸಲ ಯುದ್ಧ ತಪ್ಪಿದೆ, ತಿಳ್ಕೋ. ಕೆಟ್ಟದ್ದಲ್ಲ ಅದು.’

‘ಹೌದ್ರಿ ಸಾರ್. ಆದ್ರ ನಾನು?’

ಅಧಿಕಾರಿ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಕ್ರಾಂತಿಯ ಇಮೇಲಿಗೆ ಬಂದ ಉತ್ತರದ ಪ್ರಿಂಟು. ಅವನು ಓದುವ ಮುಂಚೆ ಇವರು ಓದಿದ್ದರು.

ಪ್ರಿಯ ಸಹೋದರ, ಅಂತ ಶುರುವಾಗಿತ್ತು. ನಿಮ್ಮ ಹೆಜ್ಜೆ ನನಗೆ ತಲುಪಿದೆ. ನನ್ನ ಅಜ್ಜನ ಊರಿನಲ್ಲೂ ಇದೇ ಪದ್ಧತಿ ಇತ್ತು, ಅವರೂ ಹೆಜ್ಜೆ ಹಿಡಿಯುತ್ತಿದ್ದರು. ನಾನು ನೋಡಿದೆ. ನಮ್ಮ ಕಂಪ್ಯೂಟರಿಗೂ ಯಾರೋ ನುಗ್ಗಿದ್ದಾರೆ, ನಮ್ಮನ್ನು ಕಾಲುದಾರಿ ಮಾಡಿಕೊಂಡು ನಿಮ್ಮಲ್ಲಿಗೆ ಬಂದಿದ್ದಾರೆ. ಹೆಜ್ಜೆ ನಮ್ಮ ಸೀಮೆ ದಾಟಿ ಮೂರನೆಯ ಒಂದು ದೇಶಕ್ಕೆ ಹೋಗಿದೆ. ಆ ನಂಬರು ಕೆಳಗೆ ಕೊಟ್ಟಿದ್ದೇನೆ. ನೀವು ಮಾಡಿದ್ದಲ್ಲ ಅಂತ ನಾನು ಬರೆದು ಕೊಡುತ್ತೇನೆ. ನಿಮಗೆ ಉತ್ತರ ಬರೆಯಬೇಡ ಅಂತ ಇಲ್ಲಿ ನನಗೆ ಹೇಳಿದ್ದಾರೆ. ಆದರೂ ಬರೆದಿದ್ದೇನೆ.

ಕ್ರಾಂತಿಯ ಕಣ್ಣು ತುಂಬಿಬಂತು. ‘ಒಪ್ಪಿಸಿಕೊಂಡಾನ್ರಿ! ಸಾರ್, ಒಪ್ಪಿಸಿಕೊಂಡಾನ! ನೋಡ್ರಿ, ನಾನಲ್ಲ ಅಂತ ಬರೆದಾನ. ನಂಬರೂ ಕೊಟ್ಟಾನ. ಮುಂದಿನ ಊರಿಗೆ ಹೋಗೋಣ್ರಿ.’

‘ಯಾರು ಹೋಗೋದು?’

‘ನೀವು ಸಾರ್. ಸರ್ಕಾರ.’

‘ಸರ್ಕಾರಕ್ಕೆ ಕಳುವೇ ಆಗಿಲ್ಲವಲ್ಲಪ್ಪ’ ಅಂದರು ಅಧಿಕಾರಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯಂಕರವಾಗಿತ್ತು. ‘ಆಗಿಲ್ಲ ಅಂತ ಮೇಲೆ ತೀರ್ಮಾನ ಆಗಿದೆ. ಏನೂ ಆಗಿಲ್ಲ ಅಂದಮೇಲೆ ಇಡೀ ವಿಷಯದಲ್ಲಿ ನಿಜವಾಗಿ ಆಗಿರೋದು ಒಂದೇ. ಸೈನ್ಯ ಗಡಿಯಲ್ಲಿ ನಿಂತಿರೋವಾಗ ಸರ್ಕಾರಿ ಕೇಂದ್ರದ ಒಬ್ಬ ನೌಕರ ಶತ್ರುದೇಶಕ್ಕೆ ಪತ್ರ ಬರೆದಿದ್ದಾನೆ. ಅಪ್ಪನ ಹೆಸರು, ತಾಲೂಕು ಸಮೇತ. ಅಲ್ಲಿಂದ ಉತ್ತರ ಬಂದಿದೆ. ಸಹೋದರ ಅಂತ.’

‘ಸಾರ್, ನಿಮಗೆ ಗೊತ್ತೈತಲ್ರಿ. ಎಲ್ಲಾ ಗೊತ್ತೈತಿ ನಿಮಗ.’

‘ನನಗೆ ಗೊತ್ತಿದೆ’ ಅಂದರು ಅಧಿಕಾರಿ, ಕನ್ನಡಕ ಒರೆಸುತ್ತಾ. ‘ನನಗೆ ಗೊತ್ತಿರೋದರಿಂದ ನಿನ್ನನ್ನ ಜೈಲಿಗೆ ಕಳಿಸ್ತಿಲ್ಲ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ.’

ಕ್ರಾಂತಿ ಕೊನೆಗೊಂದು ಪ್ರಶ್ನೆ ಕೇಳಿದ. ‘ಆ ಕಡಿ ಮನುಷ್ಯ? ಅವನಿಗೆ ಏನಾತು?’

‘ಅವನನ್ನೂ ಯಾರೋ ಹೀಗೇ ಕೂರಿಸಿಕೊಂಡು ಟೀ ಕೊಟ್ಟಿರ್ತಾರೆ. ಇಲ್ಲ, ಟೀ ಕೂಡ ಕೊಟ್ಟಿರಲ್ಲ.’

ಫ್ಲಾಪಿಯನ್ನು ಇಸಿದುಕೊಂಡು, ಒಂದು ಹಾಳೆಯ ಮೇಲೆ ಸಹಿ ಮಾಡಿಸಿಕೊಂಡು ಬಿಟ್ಟರು. ಹೊರಗೆ ಬಂದಾಗ ಸುಂಕಪ್ಪ ಎದ್ದು ನಿಂತ.

‘ಒಪ್ಪಿಸಿಕೊಂಡನೇನಲೇ ಆ ಊರ ತಳವಾರ?’

‘ಒಪ್ಪಿಸಿಕೊಂಡಾನಪ್ಪ. ಮುಂದಿನ ಊರಿನ ದಾರೀನೂ ತೋರಿಸ್ಯಾನ.’

‘ಹಂಗಾದ್ರ ಮುಗೀತು ಬಿಡು! ನಿನ್ನ ಋಣ ಹರೀತು’ ಅಂದು ಸುಂಕಪ್ಪ ಮಗನ ಬೆನ್ನು ತಟ್ಟಿದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಆ ಕಾಣದ ತಳವಾರನನ್ನು ಹೊಗಳಿದ. ಅಂಥ ಮನುಷ್ಯರು ಇನ್ನೂ ಅದಾರ, ಅದಕ್ಕ ಮಳಿ ಬೆಳಿ ಐತಿ ಅಂದ. ತೆಲಿಗಿ ಕಡೆಯ ಯಾರೋ ಮುದುಕಿ ಕ್ರಾಂತಿಯ ಮುಖ ನೋಡಿ, ‘ಯಾಕಪ್ಪ, ಪರೀಕ್ಷಿ ಫೇಲಾತೇನು?’ ಅಂತ ಕೇಳಿದಳು.

ಗುತ್ತಿಗೆ ಮುಂದುವರಿಯಲಿಲ್ಲ. ಕೇಸೂ ಆಗಲಿಲ್ಲ. ಕೇಸಾಗಿದ್ದರೆ ಕೋರ್ಟಿನಲ್ಲಿ ನಿಂತು ಹೇಳಬಹುದಿತ್ತು, ಆಗದ ಕೇಸಿಗೆ ಕೋರ್ಟು ಯಾವುದು? ಕೊಟ್ಟೂರಿನ ಒಂದು ಕಚೇರಿಯಲ್ಲಿ ಆಪರೇಟರ್ ಕೆಲಸ ಸಿಕ್ಕಿತು, ಪೊಲೀಸ್ ವಿಚಾರಣೆಯ ಕಾಗದ ಬಂದ ಮೇಲೆ ನಾಳೆಯಿಂದ ಬರಬೇಡ ಅಂದರು. ಕೂಡ್ಲಿಗಿಯಲ್ಲಿ ಗುರುಮೂರ್ತಿ ಮಾವ ಓಡಾಡಿ ಇನ್ನೊಂದು ಕೊಡಿಸಿದ, ಅಲ್ಲೂ ಅದೇ ಕಾಗದ. ಏನು ಬರೆದಿದೆ ಅಂತ ಯಾರೂ ತೋರಿಸಲಿಲ್ಲ. ಹುಲುಗಪ್ಪ ಕೂಡ ಒಂದು ದಿನ, ‘ತಪ್ಪು ತಿಳ್ಕಾಬ್ಯಾಡ ಮಾರಾಯಾ, ನನಗೂ ಮಕ್ಳು ಅದಾರೆ’ ಅಂದು ಕೈಮುಗಿದ. ಕೇರಿಯಲ್ಲಿ ಮಾತು ಬೇರೆಯೇ ಆಗಿ ಹಬ್ಬಿತ್ತು. ಸುಂಕಪ್ಪನ ಮಗ ಪಾಕಿಸ್ತಾನದವರಿಗೆ ಬೀಜದ ಲೆಕ್ಕ ಕೊಡುತ್ತಿದ್ದನಂತೆ. ಗಿಡ್ಡಮ್ಮ ನಲ್ಲಿ ನೀರಿಗೆ ಹೋದರೆ ಹೆಂಗಸರು ಕೊಡ ಸರಿಸಿಕೊಂಡು ದೂರ ನಿಲ್ಲುತ್ತಿದ್ದರು.

ಸುಂಕಪ್ಪನಿಗೆ ಇದೊಂದು ಮಾತ್ರ ಅರ್ಥವೇ ಆಗಲಿಲ್ಲ. ‘ಒಪ್ಪಿಸಿಕೊಂಡ ಅಂದ್ಯಲ್ಲೋ?’ ಅಂತ ತಿಂಗಳಿಗೊಮ್ಮೆಯಾದರೂ ಕೇಳುವನು. ‘ಹೌದಪ್ಪ’ ಅನ್ನುವನು ಕ್ರಾಂತಿ. ‘ಮತ್ತ?’ ಅನ್ನುವನು ಸುಂಕಪ್ಪ. ಕ್ರಾಂತಿ ಎದ್ದು ಒಳಗೆ ಹೋಗುವನು. ಬರಬರುತ್ತಾ ಸುಂಕಪ್ಪ ಕೇಳುವುದನ್ನು ಬಿಟ್ಟ. ಹಗ್ಗ ಹೊಸೆಯುವಾಗ ಊರವರ ನಡಿಗೆ ನೋಡಿ ಇವನು ಇಂಥವನು, ಇವಳ ಕಾಲಿಗೆ ಮುಳ್ಳು ಚುಚ್ಚಿದೆ ಅಂತ ಹೇಳುತ್ತಿದ್ದವನು ಅದನ್ನೂ ಬಿಟ್ಟ.

ಮುಂದಿನ ವರ್ಷ ಮುಂಗಾರಿಗೆ ಮುಂಚೆ ಊರಿನ ರೈತ ಮರುಳಪ್ಪನ ಬಾವಿಯ ಪಂಪಿನ ಮೋಟಾರು ಕಳುವಾಯಿತು. ಮರುಳಪ್ಪ ಕೇರಿಗೆ ಓಡಿಬಂದ. ಸುಂಕಪ್ಪನ ಮನೆಯ ಕಡೆ ಮುಖ ಹಾಕದೆ ಎಷ್ಟು ದಿನವಾಗಿತ್ತೋ, ಗರಜು ಬಿದ್ದಾಗ ಬಂದ.

‘ಸುಂಕಪ್ಪಣ್ಣ, ಹಸಿ ಮಣ್ಣಾಗ ಹೆಜ್ಜಿ ಬಿದ್ದಾವ. ಯಾರನ್ನೂ ತುಳಿಯಾಕ ಬಿಟ್ಟಿಲ್ಲ. ಬಾರಣ್ಣ, ಕಾಲಿಗೆ ಬೀಳ್ತೀನಿ.’

ಸುಂಕಪ್ಪ ಮೂಲೆಯಿಂದ ಪುಟ್ಟಿ ತೆಗೆದ. ಕ್ರಾಂತಿಯ ಕೈಗೆ ಕೊಟ್ಟು, ಬಾ ಎನ್ನುವ ಹಾಗೆ ತಲೆ ಆಡಿಸಿ ಹೊರಟ. ಎಷ್ಟೋ ತಿಂಗಳ ಮೇಲೆ ಅಪ್ಪನ ನಡಿಗೆಯಲ್ಲಿ ಬಿರುಸು ಕಂಡು ಕ್ರಾಂತಿಯೂ ಹಿಂದೆ ಹೋದ.

ಹೆಜ್ಜೆ ಕಲಿಯದವರಿಗೂ ಕಾಣುವ ಹಾಗಿತ್ತು. ಬರಿಗಾಲು, ಭಾರ ಹೊತ್ತವನ ಕಾಲು, ಹಿಮ್ಮಡಿ ಆಳಕ್ಕೆ ಇಳಿದಿತ್ತು. ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗಿರಲಿಲ್ಲ. ಅಂಥ ಕಾಲು ಸುತ್ತಲಿನ ಊರುಗಳಲ್ಲಿ ಎಷ್ಟಿದ್ದಾವು? ಸುಂಕಪ್ಪ ಕುಕ್ಕರುಗಾಲಲ್ಲಿ ಕೂತು ನೋಡಿದ.

‘ಯಾ ಕಡಿ ಹೋಗ್ಯಾನಲೇ?’ ಅಂತ ಮಗನನ್ನು ಕೇಳಿದ.

‘ಹಳ್ಳದ ಕಡಿ’ ಅಂದ ಕ್ರಾಂತಿ. ‘ಸೀಮಿ ದಾಟ್ಯಾನಪ್ಪ.’

ಪುಟ್ಟಿ ಕೊಡಲು ಕ್ರಾಂತಿ ಕೈ ಚಾಚಿದ. ಸುಂಕಪ್ಪ ತೆಗೆದುಕೊಳ್ಳಲಿಲ್ಲ. ಎದ್ದು ನಿಂತು ಹಳ್ಳದಾಚೆಗೆ ಒಮ್ಮೆ ನೋಡಿದ, ಮಗನ ಮುಖ ಒಮ್ಮೆ ನೋಡಿದ. ಆಮೇಲೆ ಚಪ್ಪಲಿಗಾಲನ್ನು ಆ ಹೆಜ್ಜೆಯ ಮೇಲಿಟ್ಟು, ಬೀಡಿ ತುಂಡು ಆರಿಸುವ ಹಾಗೆ, ನಿಧಾನಕ್ಕೆ ತಿಕ್ಕಿದ. ಮುಂದಿನ ಹೆಜ್ಜೆಯನ್ನೂ ತಿಕ್ಕಿದ. ಅದರ ಮುಂದಿನದನ್ನೂ.

‘ಏನೂ ಆಗಿಲ್ಲಪ್ಪ ಇಲ್ಲಿ’ ಅಂದ.

‘ಮೋಟ್ರು ಹೋಗೈತಲ್ಲೋ ಯಪ್ಪಾ!’ ಮರುಳಪ್ಪ ತಲೆ ಮೇಲೆ ಕೈ ಹೊತ್ತು ಕೂಗಿದ.

ಸುಂಕಪ್ಪ ಆಗಲೇ ಬದುವಿನ ಮೇಲೆ ಮನೆಯ ದಾರಿ ಹಿಡಿದಿದ್ದ. ಕ್ರಾಂತಿ ಖಾಲಿ ಪುಟ್ಟಿ ಹಿಡಿದು ಅಪ್ಪನ ಹಿಂದೆ ನಡೆದ.